ಆರು ಹೆಸರಿನ ಹೆಬ್ಬೆರಳು

ಹತ್ತು ಬೆರಳೂ ಬೇಕು ಎಂದ ಗುಮಾಸ್ತ. ಕೊಟ್ಟೆ. ಒಂದೊಂದನ್ನೇ ಹಿಡಿದು, ಶಾಯಿಗೆ ಒತ್ತಿ, ಕಾಗದದ ಮೇಲೆ ಉಗುರಿನ ಈ ಬದಿಯಿಂದ ಆ ಬದಿಗೆ ಹೊರಳಿಸಿದ. ನನ್ನ ಮೈಗೆ ಸೇರದ ಯಾವುದೋ ಸಾಮಾನು ಹೊರಳಿಸಿದ ಹಾಗೆ. ಅವನ ಕೈಗೆ ಗ್ಲೌಸ್ ಇತ್ತು.

“ಕೈ ಸಡಿಲ ಬಿಡಮ್ಮ. ಯಾಕಿಷ್ಟು ಬಿಗಿ ಹಿಡೀತೀಯ? ಏನು ಮಾಡಿ ಬಂದಿದ್ದೀಯ ಅಲ್ಲಿ?”

“ಬೆಡ್‌ಶೀಟ್ ಒಗೆದು ಬಂದಿದ್ದೀನಿ.”

ಪಕ್ಕದ ಕಿಟಕಿಯವನು ನಕ್ಕ. ನಾನು ನಗಲಿಲ್ಲ. ಹನ್ನೊಂದು ವರ್ಷ ಹೊರದೇಶದಲ್ಲಿ ಆಸ್ಪತ್ರೆಗಳ, ಹೋಟೆಲುಗಳ ಬೆಡ್‌ಶೀಟ್ ಒಗೆದವಳು ನಾನು. ಆ ದೇಶದ ಜನ ಮಲಗಿದ, ಬೆವರಿದ, ಹೆತ್ತ, ಸತ್ತ ಬಟ್ಟೆಯನ್ನೆಲ್ಲ ಒಗೆದೆ. ಈಗ ಆ ದೇಶದ ಪೊಲೀಸರು ನನ್ನ ಮೇಲೆ ಕಲೆ ಇಲ್ಲ ಎಂದು ಬರೆದುಕೊಡಬೇಕಂತೆ.

ಕಾಗದ ಕೇಳಿದ್ದು ಇಲ್ಲಿನ ಆಸ್ಪತ್ರೆ. ಮಕ್ಕಳ ವಾರ್ಡಿನಲ್ಲಿ ಆಯಾ ಕೆಲಸ. ಮೇಟ್ರನ್ ನನ್ನಿಂದ ಹಾಸಿಗೆ ಹಾಸಿಸಿ ನೋಡಿದಳು, ರೋಗಿಯನ್ನು ಮಗ್ಗುಲು ತಿರುಗಿಸಲು ಹೇಳಿ ನೋಡಿದಳು, ಒಪ್ಪಿದಳು. “ಕೆಲಸ ಚೆನ್ನಾಗಿ ಬರುತ್ತೆ ನಿನಗೆ. ಆದ್ರೆ ಹೊರದೇಶದಲ್ಲಿ ಇದ್ದು ಬಂದವರು ಅಲ್ಲಿನ ಪೊಲೀಸ್ ಸರ್ಟಿಫಿಕೇಟ್ ಕೊಡಬೇಕು. ರೂಲ್ಸು. ನಾಲ್ಕು ತಿಂಗಳು ಜಾಗ ಹಿಡಿದಿಡ್ತೀನಿ, ಅಷ್ಟೇ,” ಎಂದಳು.

ಆ ಕೆಲಸ ನನಗೆ ಬೇಕೇ ಬೇಕಿತ್ತು. ನನಗಿಂತ ಹೆಚ್ಚಾಗಿ ಅತ್ತೆಯ ಕಣ್ಣಿಗೆ ಬೇಕಿತ್ತು. ಕೆಲಸದವರ ಮನೆಮಂದಿಗೆ ಅಲ್ಲಿ ಆಪರೇಷನ್ ಪುಕ್ಕಟೆ. ಅತ್ತೆಗೆ ಎರಡೂ ಕಣ್ಣಲ್ಲಿ ಪೊರೆ ಬಲಿತಿದೆ. ನನ್ನ ಗಂಡ ತೀರಿಕೊಂಡ ಮೇಲೆ ನಾನು ಹೊರದೇಶಕ್ಕೆ ಹೋದೆ. ನನ್ನ ಮಗಳನ್ನು ಸಾಕಿ, ಓದಿಸಿ, ಒಂದು ಮನೆ ಸೇರಿಸಿದ್ದು ಈ ಮುದುಕಿ. ಈಗ ಚೊಂಬು ಅಂದುಕೊಂಡು ಬೆಕ್ಕಿನ ಕುತ್ತಿಗೆಗೆ ಕೈ ಹಾಕುತ್ತಾಳೆ. ಬಾಯಿಗೆ ಮಾತ್ರ ಪೊರೆ ಬಂದಿಲ್ಲ.

“ಹನ್ನೊಂದು ವರ್ಷ ಇದ್ದು ತಂದಿದ್ದು ಒಂದು ಸೊಂಟನೋವು. ಈಗ ಒಂದು ಕಾಗದ ತರೋಕೂ ಆಗಲ್ವಾ ನಿನಗೆ?”

“ತರ್ತೀನಿ ಅತ್ತೆ.”

“ತಾ. ಕಣ್ಣು ಬಂದ್ಮೇಲೆ ಮೊದಲು ನಿನ್ನ ಮುಖ ನೋಡ್ಬೇಕು. ಸೊಟ್ಟ ಮಾಡ್ಕೊಂಡೇ ಓಡಾಡ್ತೀಯ, ಧ್ವನಿಯಲ್ಲೇ ಗೊತ್ತಾಗುತ್ತೆ.”

ಬೆರಳಿನ ಕಾಗದ ಆ ದೇಶಕ್ಕೆ ಹೋಯಿತು. ಬೆರಳು ಒತ್ತಿಸಿಕೊಂಡು ಕಳಿಸಿದ ಆ ಕಚೇರಿಗೆ ನಾನು ವಾರಕ್ಕೊಂದು ಸಲ ಹೋದೆ. ಅಲ್ಲಿ ಎರಡು ಸಾಲು. ಓದಲು ಹೋಗಿದ್ದವರು, ಮೇಜಿನ ಕೆಲಸಕ್ಕೆ ಹೋಗಿದ್ದವರು ಒಂದು ಕಡೆ, ಅವರಿಗೆ ಮೆತ್ತನೆ ಕುರ್ಚಿ. ಮೈ ಮುರಿಯಲು ಹೋಗಿದ್ದವರು ಇನ್ನೊಂದು ಕಡೆ. ನಮಗೆ ಗೋಡೆ. ಅವರ ಫಾರಂ ಬಿಳಿ, ನಮ್ಮದು ಹಳದಿ. ಗೋಡೆಗೆ ಒರಗಿದರೆ ಗಾರ್ಡು ಕೂಗುತ್ತಿದ್ದ, “ಏ, ಬಣ್ಣ ಮಾಸುತ್ತೆ, ಸರಿದು ನಿಂತ್ಕೋ!” ಗೋಡೆ ಮಾಸುತ್ತದಂತೆ. ನಮ್ಮ ಬೆನ್ನು ತಾಗಿದರೆ ಗೋಡೆ ಮಾಸುತ್ತದಂತೆ.

ನಾಲ್ಕನೇ ತಿಂಗಳು ಶುರುವಾದ ಮೇಲೆ ಒಂದು ದಿನ ಗುಮಾಸ್ತ ನನ್ನನ್ನು ಕಿಟಕಿಯಲ್ಲಿ ಮಾತಾಡಿಸಲಿಲ್ಲ. ಒಳಗಿನ ಸಾಹೇಬರ ಕೋಣೆಗೆ ಕಳಿಸಿದ. ಸಾಹೇಬ ಕೂರಲು ಹೇಳಲಿಲ್ಲ.

“ಹೆಸರೇನು?”

ಹೇಳಿದೆ.

“ನಿಜವಾದ ಹೆಸರು ಹೇಳು.”

ಮತ್ತೆ ಅದನ್ನೇ ಹೇಳಿದೆ. ಅವನು ಒಂದು ಹಾಳೆಯನ್ನು ನನ್ನ ಕಡೆ ತಿರುಗಿಸಿದ. ಅದರಲ್ಲಿ ಆರು ಫೋಟೊ ಇದ್ದವು. ಆರು ಹೆಂಗಸರು, ಆರು ಟೋಪಿ, ಆರು ನೀಲಿ ಅಂಗಿ. ಒಂದು ಫೋಟೊ ನನ್ನದು. ಪ್ರತಿ ಫೋಟೊದ ಕೆಳಗೆ ಒಂದು ಬೆರಳಿನ ಗುರುತು.

“ಹೆಸರು ಬೇರೆ, ಮುಖ ಬೇರೆ, ಹೆಬ್ಬೆರಳು ಒಂದೇ. ನಿನ್ನದು. ಆಗಿನ ಮಷೀನು ಹಿಡಿದಿರಲಿಲ್ಲ, ಈಗಿನದು ಹುಡುಕಿ ತೆಗೆದಿದೆ. ಇವಳ ಮೇಲೆ ಕೇಸಿದೆ ನೋಡು,” ಎಂದು ಎರಡನೇ ಫೋಟೊದ ಮೇಲೆ ಪೆನ್ನು ಕುಟ್ಟಿದ. “ಕಳ್ಳತನ, ಪರಾರಿ. ಯಾರೇ ನೀನು?”

ಇಷ್ಟು ದಿನ ಅಮ್ಮ ಆಗಿದ್ದವಳು ಒಂದು ಹಾಳೆ ತಿರುಗುವುದರಲ್ಲಿ ‘ಯಾರೇ’ ಆದೆ. ಆದರೆ ಆ ಮಾತು ನನಗೆ ನಾಟಲಿಲ್ಲ. ನಾನು ಎರಡನೇ ಫೋಟೊ ನೋಡುತ್ತಿದ್ದೆ. ಅದು ನಮ್ಮ ಜೊತೆ ಒಗೆಯುತ್ತಿದ್ದ ಉದ್ದಕ್ಕನದು. ಫೋಟೊ ಚೌಕಟ್ಟಿಗೆ ಹಿಡಿಸಲೆಂದು ಅವಳು ಮೊಣಕಾಲು ಬಗ್ಗಿಸಿ ನಿಂತಿದ್ದು ನನಗೆ ನೆನಪಿದೆ.

ಆ ದೇಶದಲ್ಲಿ ನಮ್ಮ ಲಾಂಡ್ರಿ ಎಂದರೆ ಊರಾಚೆ ಒಂದು ತಗಡಿನ ಶೆಡ್ಡು. ಒಗೆಯುವ ಯಂತ್ರಗಳು ಹನ್ನೆರಡು, ಶೀಟು ಇಸ್ತ್ರಿ ಮಾಡುವ ಉಗಿ ರೋಲರು ಎರಡು. ಯಂತ್ರಕ್ಕೆ ಹಾಕುವ ಮೊದಲು ಕೊಳೆ ಶೀಟುಗಳನ್ನು ಕೈಯಲ್ಲೇ ಬೇರೆ ಮಾಡಬೇಕು. ರಕ್ತದ್ದು ಒಂದು ಗುಡ್ಡೆ, ವಾಂತಿಯದು ಒಂದು, ಹೇಲಿನದು ಒಂದು. ಕಲೆಯ ಮೇಲೆ ಸುಡುವ ಪುಡಿ ಉದುರಿಸಿ ಬೆರಳಲ್ಲಿ ತಿಕ್ಕಬೇಕು. ಗ್ಲೌಸು ಇದ್ದವು, ಕಪಾಟಿನಲ್ಲಿ. ತಪಾಸಣೆಯವರು ಬರುವ ದಿನ ಹೊರಗೆ ಬರುತ್ತಿದ್ದವು. ಆರೇ ತಿಂಗಳಲ್ಲಿ ಬೆರಳ ತುದಿ ಸವೆದು ನುಣ್ಣಗಾಗುತ್ತಿತ್ತು. ನಾಣ್ಯ ಹಿಡಿದರೆ ಜಾರುತ್ತಿತ್ತು. ಸೂಜಿಗೆ ದಾರ ಪೋಣಿಸಲು ಬರುತ್ತಿರಲಿಲ್ಲ.

ನಾನು ಹೋದ ವರ್ಷವೇ ಆ ದೇಶದಲ್ಲಿ ಕೆಲಸಗಾರರಿಗೆ ಹೊಸ ಕಾರ್ಡು ಬಂತು. ಫೋಟೊ ಮತ್ತು ಹೆಬ್ಬೆರಳು ಕೊಡಬೇಕು. ಒಂದು ವ್ಯಾನು ಶೆಡ್ಡಿಗೇ ಬಂತು. ಅಧಿಕಾರಿ ಒಬ್ಬನೇ. ಅವನು ಫೋಟೊ ತೆಗೆಯುತ್ತ ನಿಂತ. ಬೆರಳಿನ ಯಂತ್ರವನ್ನು ಪಕ್ಕದ ಮೇಜಿನ ಮೇಲಿಟ್ಟು ನಮ್ಮ ಸೂಪರ್‌ವೈಸರಿಗೆ ಒಪ್ಪಿಸಿದ. ಸೂಪರ್‌ವೈಸರನ ಮುಖ ಚೌಕ, ಬಣ್ಣ ಕೆಂಪು. ನಾವು ಅವನನ್ನು ಇಟ್ಟಿಗೆ ಎನ್ನುತ್ತಿದ್ದೆವು.

ಮೊದಲು ಉದ್ದಕ್ಕ ಒತ್ತಿದಳು. ಕೆಂಪು ದೀಪ. ಬೆರಳು ಒರೆಸಿ ಒತ್ತಿದಳು. ಕೆಂಪು. ಎಣ್ಣೆ ಹಚ್ಚಿ ಒತ್ತಿದಳು. ಕೆಂಪು. ಸದಾ ಕೆಮ್ಮುತ್ತಿದ್ದ ಕೆಮ್ಮಕ್ಕ ಒತ್ತಿದಳು, ಅವಳಿ ಮಕ್ಕಳ ತಾಯಿ ಒತ್ತಿದಳು, ಅಕ್ಕತಂಗಿಯರಿಬ್ಬರು ಒತ್ತಿದರು. ಎಲ್ಲರದೂ ಕೆಂಪೇ. ಐವರಿಗೂ ಬೆರಳಿತ್ತು, ಬೆರಳಿನ ಮೇಲೆ ಗೆರೆ ಇರಲಿಲ್ಲ. ಗೆರೆಗಳನ್ನು ಕಂಪನಿ ತೊಳೆದು ಹಾಕಿತ್ತು. ಇಟ್ಟಿಗೆ ಬೆವೆತ. ಗೆರೆ ಯಾಕಿಲ್ಲ ಎಂದು ಅಧಿಕಾರಿ ಕೇಳಿದರೆ ಗ್ಲೌಸಿನ ಮಾತು ಬರುತ್ತದೆ. ನಾನು ಬಂದು ಎರಡು ವಾರವಾಗಿತ್ತಷ್ಟೆ. ನನ್ನ ಬೆರಳು ಒತ್ತಿಸಿ ನೋಡಿದ. ಹಸಿರು.

ನನ್ನನ್ನು ಯಂತ್ರದ ಪಕ್ಕ ಸ್ಟೂಲಿನ ಮೇಲೆ ಕೂರಿಸಿದ. ಮಡಿಲಿನ ಮೇಲೆ ಶೀಟಿನ ಗುಡ್ಡೆ ಹೊರಿಸಿದ. ಅಧಿಕಾರಿಯ ಕಣ್ಣಿಗೆ ಶೀಟು ಮಡಚುವವಳು. ಶೀಟಿನ ಕೆಳಗಿಂದ ಇಟ್ಟಿಗೆ ನನ್ನ ಮಣಿಕಟ್ಟು ಹಿಡಿದು ಎಳೆದ. ಒಬ್ಬೊಬ್ಬರೇ ಫೋಟೊ ತೆಗೆಸಿಕೊಂಡು ಬಂದು ಮೇಜಿನ ಮುಂದೆ ಬಗ್ಗಿದರು, ನನ್ನ ಹೆಬ್ಬೆರಳು ಅವರ ಹೆಸರಿಗೆ ಬಿತ್ತು. ನನ್ನದೂ ಸೇರಿ ಆರು ಸಲ ಹಸಿರು. ಅಧಿಕಾರಿ ಒಮ್ಮೆಯೂ ನಮ್ಮ ಕೈ ನೋಡಲಿಲ್ಲ. ನಮ್ಮ ಕೈ ನೋಡುವವರು ಯಾರಿದ್ದರು ಅಲ್ಲಿ? ಶೀಟು ಬೆಳ್ಳಗಿದೆಯೇ ಎಂದು ನೋಡುತ್ತಿದ್ದರು.

ಆ ದಿನ ಉದ್ದಕ್ಕ ಹೇಳಿದಳು, “ಇನ್ನು ಮೇಲೆ ನೀನು ಕಳ್ಳಿ ಆದ್ರೆ ನಾನೂ ಕಳ್ಳಿ ಕಣೇ. ನೋಡ್ಕೊಂಡು ಬಾಳು.” ಎಲ್ಲರೂ ನಕ್ಕೆವು. ಅವಳು ಅಂಥವಳು. ಮಂಚದಿಂದ ಅವಳ ಪಾದ ಆಚೆ ಚಾಚುತ್ತಿತ್ತು, “ಅಷ್ಟು ದೂರ ಬೇರೆ ದೇಶ, ಅದಕ್ಕೂ ಒಂದು ಕಾರ್ಡು ಮಾಡಿಸ್ಬೇಕು,” ಎನ್ನುತ್ತಿದ್ದಳು. ನಾನು ಜ್ವರದಲ್ಲಿ ಬಿದ್ದಾಗ ನನ್ನ ಪಾಲಿನ ಗುಡ್ಡೆಯನ್ನೂ ತಾನೇ ತಿಕ್ಕಿದವಳು.

ಹತ್ತನೇ ವರ್ಷ ಅವಳ ಬಲಗೈ ರೋಲರಿಗೆ ಹೋಯಿತು. ರಕ್ಷಣೆಯ ಕಂಬಿ ಮುರಿದು ಎಂಟು ತಿಂಗಳಾಗಿತ್ತು. ಅವಳು ಕೂಗಿದ್ದು ನಿಂತ ಮೇಲೆ ಇಟ್ಟಿಗೆ ಆಸ್ಪತ್ರೆಗೆ ಫೋನ್ ಮಾಡಲಿಲ್ಲ, ಮಾಲೀಕನಿಗೆ ಮಾಡಿದ. ಕೈಗೆ ಟವೆಲ್ ಸುತ್ತಿ ರೂಮಿಗೆ ಕಳಿಸಿದ. ನನ್ನ ಕೈಗೆ ಒಂದು ಚಾಕು ಕೊಟ್ಟ. ರೋಲರಿನ ಬಟ್ಟೆಗೆ ಅಂಟಿದ್ದನ್ನು ಕೆರೆದು ತೆಗೆಯಬೇಕು. ತೆಗೆದೆ. ಹೌದು, ನಾನೇ ತೆಗೆದೆ. ಅವಳ ಚರ್ಮ ಕೆರೆದು ತಗಡಿನ ಮೇಲೆ ಹಾಕಿದೆ. ರೋಲರು ಮತ್ತೆ ತಿರುಗಿತು. ರಕ್ತ ಹತ್ತಿದ ಶೀಟುಗಳನ್ನು ಬಾಯ್ಲರಿನ ಬೆಂಕಿಗೆ ಹಾಕು ಎಂದ. ನಲವತ್ತು ಶೀಟು. ಹಾಕಿದೆ.

ಬೆಳಗ್ಗೆ ಉದ್ದಕ್ಕ ಇರಲಿಲ್ಲ. ಮಂಚ ಖಾಲಿ. ಮಾರನೇ ವಾರ ಗೊತ್ತಾಯಿತು, ನಲವತ್ತು ಶೀಟು ಕದ್ದು ಓಡಿಹೋದಳೆಂದು ಕಂಪನಿ ದೂರು ಕೊಟ್ಟಿದೆ. ನಾನು ಬಾಯಿ ಬಿಡಲಿಲ್ಲ. ಒಂದು ವರ್ಷ ಬಾಯಿ ಮುಚ್ಚಿಕೊಂಡು ಒಗೆದು, ಕರಾರು ಮುಗಿಸಿಕೊಂಡು ಬಂದೆ. ಅವಳು ಎಲ್ಲೋ ಬೀದಿಯಲ್ಲಿ ಸತ್ತಿರಬೇಕೆಂದು ನಂಬಿದ್ದೆ. ಬಂದು ಮೂರು ವರ್ಷವಾಯಿತು. ಅಷ್ಟರಲ್ಲಿ ನನ್ನ ಬೆರಳಿಗೆ ಚರ್ಮ ಬಂತು, ಗೆರೆ ಬಂತು. ಗೆರೆಯ ಜೊತೆಗೆ ಈ ಕೇಸೂ ಬಂತು.

ಇಷ್ಟನ್ನೂ ಸಾಹೇಬನಿಗೆ ಹೇಳಲು ಬಾಯಿ ತೆಗೆದೆ. ಅವನು ಕೈ ಎತ್ತಿ ತಡೆದ. “ಪುರಾಣ ಬೇಡ. ನಿನ್ನ ಅದೃಷ್ಟ, ಕಂಪನಿಯವರು ಒಳ್ಳೆಯವರು. ನಿನ್ನ ಮೇಲೆ ಕೋಪ ಇಲ್ಲ ಅಂತ ಬರೆದಿದ್ದಾರೆ. ಇದಕ್ಕೊಂದು ಬೆರಳು ಒತ್ತು, ಹದಿನೈದು ದಿನದಲ್ಲಿ ಸರ್ಟಿಫಿಕೇಟ್ ಬರುತ್ತೆ.” ಟೈಪು ಮಾಡಿದ ಹಾಳೆ ಮುಂದಿಟ್ಟ. ಅರ್ಧ ಆ ಭಾಷೆಯಲ್ಲಿ, ಅರ್ಧ ನಮ್ಮ ಭಾಷೆಯಲ್ಲಿ. ಗುಮಾಸ್ತ ಶಾಯಿಯ ಪ್ಯಾಡ್ ತೆರೆದು ಹಿಡಿದ.

ಓದಿದೆ.

“ಓದೋದೇನಿದೆ? ಒತ್ತು,” ಎಂದ ಸಾಹೇಬ.

ನಾನು ಏಳನೇ ಕ್ಲಾಸು ಓದಿದವಳು. ನಿಧಾನವಾಗಿ ಓದುತ್ತೇನೆ, ಆದರೆ ಕೊನೆಯವರೆಗೂ ಓದುತ್ತೇನೆ. ಹಾಳೆಯಲ್ಲಿ ಹೀಗಿತ್ತು: ಎರಡನೇ ಫೋಟೊದ ಹೆಂಗಸು ನನಗೆ ಸುಳ್ಳು ಹೇಳಿ, ನನ್ನ ಬೆರಳನ್ನು ಮೋಸದಿಂದ ಬಳಸಿಕೊಂಡಳು. ಅವಳು ಕದಿಯುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಯಂತ್ರಗಳಿಗೆ ರಕ್ಷಣೆ ಇತ್ತು. ಗ್ಲೌಸು ಕೊಡುತ್ತಿದ್ದರು. ಇಟ್ಟಿಗೆಯ ಹೆಸರು ಎಲ್ಲೂ ಇಲ್ಲ. ಕೊನೆಯ ಸಾಲು ಸಣ್ಣ ಅಕ್ಷರದಲ್ಲಿತ್ತು. ಸದರಿ ಹೆಂಗಸು ಕೈ ಕಳೆದುಕೊಂಡ ಬಗ್ಗೆ ಕಂಪನಿಯ ಮೇಲೆ ಕಾರ್ಮಿಕರ ನ್ಯಾಯಾಲಯದಲ್ಲಿ ಹೂಡಿರುವ ದಾವೆಯಲ್ಲಿ ಈ ಹೇಳಿಕೆಯನ್ನು ಸಾಕ್ಷ್ಯವಾಗಿ ಬಳಸಬಹುದು. ದಾವೆಯ ನಂಬರು. ನ್ಯಾಯಾಲಯದ ವಿಳಾಸ.

ಉದ್ದಕ್ಕ ಬದುಕಿದ್ದಾಳೆ. ಬದುಕಿದ್ದಾಳೆ, ಜಗಳ ಆಡುತ್ತಿದ್ದಾಳೆ. ಅವಳ ಕತ್ತು ಕೊಯ್ಯಲು ನನ್ನ ಕೈಗೆ ಕೊಟ್ಟ ಕಾಗದವೇ ಅದನ್ನು ಹೇಳಿತು. ಆ ಸಾಲನ್ನು ಮತ್ತೊಮ್ಮೆ ಓದಿದೆ. ಸಂತೋಷಕ್ಕೋ ಸಂಕಟಕ್ಕೋ ಗೊತ್ತಾಗಲಿಲ್ಲ. ಎರಡಕ್ಕೂ ಇರಬೇಕು.

“ಮನೇಲಿ ಕೇಳ್ಕೊಂಡು ನಾಳೆ ಬರ್ತೀನಿ,” ಎಂದೆ. ಮೇಜಿನ ಮೇಲಿನ ಪೆನ್ನು ತೆಗೆದುಕೊಂಡೆ. ದಾವೆಯ ನಂಬರು, ವಿಳಾಸ ನನ್ನ ಅಂಗೈ ಮೇಲೆ ಬರೆದುಕೊಂಡೆ.

“ಏ, ಅದ್ಯಾಕೆ ಬರ್ಕೊಳ್ತೀಯ?”

“ಮರೆವು ಸ್ವಾಮಿ. ಹೆಂಗಸರು, ದಡ್ಡರು.”

ಮನೆಗೆ ಬಂದು ಅತ್ತೆಗೆ ಎಲ್ಲ ಹೇಳಿದೆ. ಕೆರೆದ ಚಾಕುವಿನ ವಿಷಯ ಅಲ್ಲಿಯವರೆಗೆ ಅವಳಿಗೂ ಹೇಳಿರಲಿಲ್ಲ. ಅವಳು ಮೊದಲು ಸಿಡಿದಳು.

“ಒತ್ತಿ ಬರೋದು ಬಿಟ್ಟು ಓದ್ತಾ ಕೂತಿದ್ಯಾ? ಎಲ್ಲೋ ಇರೋಳು ಅವಳು. ಇಲ್ಲಿ ಗೋಡೆ ತಡವಿಕೊಂಡು ಬಚ್ಚಲಿಗೆ ಹೋಗೋಳು ನಾನು. ನಾಲ್ಕು ತಿಂಗಳಿಗೆ ಇನ್ನೆಷ್ಟು ದಿನ ಇದೆ?”

“ಹತ್ತೊಂಬತ್ತು.”

“ಹೊಟ್ಟೆ ಉರಿಸೋಕೆ ಹುಟ್ಟಿದ್ದೀಯ ನೀನು.”

ಅವಳು ಸೀರೆಯ ಸೆರಗಿನ ಅಂಚನ್ನು ಬೆರಳಲ್ಲಿ ಸವರುತ್ತ ಕೂತಳು. ಕಣ್ಣು ಹೋದ ಮೇಲೆ ಬಂದ ಅಭ್ಯಾಸ ಅದು. ಸವರುತ್ತಲೇ ಕೇಳಿದಳು.

“ಯಾವ ಕೈ?”

“ಬಲಗೈ.”

“ಪೂರ್ತಿನಾ?”

“ಮಣಿಕಟ್ಟಿನವರೆಗೆ ಜಜ್ಜಿ ಹೋಗಿತ್ತು. ನಾನೇ ನೋಡಿದ್ದೀನಲ್ಲ.”

“ಕೂದಲು ಉದ್ದ ಇತ್ತಾ ಅವಳಿಗೆ?”

“ಸೊಂಟದವರೆಗೆ.”

“ಜಡೆ ಹೇಗೆ ಹಾಕ್ಕೊಳ್ತಾಳೋ,” ಎಂದಳು ಅತ್ತೆ. ಗೋಡೆ ಕಡೆ ತಿರುಗಿ ಮಲಗಿದಳು.

ನಾನು ಬರೆಯಲು ಕೂತೆ. ಮಗಳ ಹಳೇ ನೋಟ್‌ಬುಕ್ಕಿನ ಹಾಳೆ. ಬರೆಯುವುದು ಒಗೆಯುವುದಕ್ಕಿಂತ ಕಷ್ಟ. ನನ್ನ ಬೆರಳು ಕೊಟ್ಟಿದ್ದು ಯಾರು ಹೇಳಿದ್ದಕ್ಕೆ, ಗ್ಲೌಸು ಎಲ್ಲಿದ್ದವು, ಕಂಬಿ ಯಾವಾಗ ಮುರಿಯಿತು, ಚಾಕು ಯಾರು ಕೊಟ್ಟರು, ನಲವತ್ತು ಶೀಟು ಯಾವ ಬಾಯ್ಲರಿಗೆ ಹೋದವು, ಹಾಕಿದ್ದು ಯಾರು. ಹಾಕಿದ್ದು ನಾನು ಎಂದು ಬರೆದೆ. ಒಂದು ವರ್ಷ ಬಾಯಿ ಮುಚ್ಚಿಕೊಂಡಿದ್ದೆ ಎಂದೂ ಬರೆದೆ. ಅದನ್ನು ಬರೆಯುವಾಗ ನಾಚಿಕೆಯಾಯಿತು. ಆದರೂ ಹೊಡೆದು ಹಾಕಲಿಲ್ಲ. ಎರಡು ಪ್ರತಿ ಮಾಡಿದೆ.

ಬೆಳಗ್ಗೆ ಎದ್ದರೆ ಅತ್ತೆ ತಲೆ ಬಾಚಿಕೊಂಡು ಬಾಗಿಲಲ್ಲಿ ಕೂತಿದ್ದಳು. ಚಪ್ಪಲಿ ಅದಲುಬದಲು ಹಾಕಿಕೊಂಡಿದ್ದಳು.

“ನೀನೆಲ್ಲಿಗೆ?”

“ಆ ಸಾಹೇಬನ ಧ್ವನಿ ಕೇಳ್ಬೇಕು ನನಗೆ. ಚಪ್ಪಲಿ ಸರಿ ಮಾಡು.”

ಕಚೇರಿಯಲ್ಲಿ ಅದೇ ಗೋಡೆ, ಅದೇ ಸಾಲು. ಅತ್ತೆ ನೇರ ಹೋಗಿ ಗೋಡೆಗೆ ಬೆನ್ನು ಪೂರ್ತಿ ಒರಗಿಸಿ ನಿಂತಳು. ಗಾರ್ಡು ಕೂಗಿದ. “ನನಗೆ ಕಣ್ಣು ಕಾಣಲ್ಲಪ್ಪ, ಗೋಡೆ ಎಲ್ಲಿದೆ?” ಎಂದಳು. ಸಾಲಿನಲ್ಲಿದ್ದ ನಾಲ್ಕೈದು ಜನ ನಕ್ಕರು. ಒಬ್ಬ ಮುದುಕನೂ ಒರಗಿದ.

ನಾವಿಬ್ಬರೂ ಒಳಗೆ ಹೋದೆವು. ಸಾಹೇಬ ನನ್ನ ಹಾಳೆ ಓದಿದ. ಅರ್ಧಕ್ಕೆ ನಿಲ್ಲಿಸಿ ನನ್ನ ಮುಖ ನೋಡಿದ. ಮತ್ತೆ ಓದಿದ.

“ತಲೆ ನೆಟ್ಟಗಿದೆಯಾ ನಿನಗೆ? ನಿನ್ನ ಮೇಲೆ ನೀನೇ ಕೇಸು ಬರ್ಕೊಂಡಿದ್ದೀಯ. ಸುಳ್ಳು ಬೆರಳು ಒತ್ತಿದ್ದೀನಿ ಅಂತ ಒಪ್ಕೊಂಡ ಹಾಗಾಯ್ತು. ಈ ಜನ್ಮದಲ್ಲಿ ನಿನಗೆ ಸರ್ಟಿಫಿಕೇಟ್ ಸಿಗಲ್ಲ.”

“ಗೊತ್ತು.”

“ಆಸ್ಪತ್ರೆ ಕೆಲಸ ಹೋಗುತ್ತೆ.”

“ಗೊತ್ತು.”

“ಮತ್ತೆ ಯಾಕೆ ತಂದೆ ಇದನ್ನ?”

“ನಿಮ್ಮ ಹಾಳೆ ಅಲ್ಲಿಗೆ ಹೇಗೆ ಹೋಗ್ತಿತ್ತೋ ಇದೂ ಹಾಗೇ ಹೋಗ್ಲಿ. ಬಂದಿದೆ ಅಂತ ಸೀಲ್ ಹಾಕಿ.”

ಅವನು ಹಾಳೆಯನ್ನು ಮೇಜಿನಿಂದ ತಳ್ಳಿದ. ಅದು ನೆಲಕ್ಕೆ ಬಿತ್ತು. “ಇದು ನಮ್ಮ ಕೆಲಸ ಅಲ್ಲ. ಇದಕ್ಕೆ ಫಾರಂ ಇಲ್ಲ.”

ಬಗ್ಗಿ ಎತ್ತಿಕೊಂಡೆ. ಹನ್ನೊಂದು ವರ್ಷ ಬಗ್ಗಿ ಎತ್ತಿದವಳು, ಸೊಂಟ ನೋಯಿತು. ಧೂಳು ಕೊಡವಿ ಮತ್ತೆ ಅವನ ಮುಂದಿಟ್ಟೆ. “ನನ್ನ ಬೆರಳು ಕದ್ದಾಗ ಫಾರಂ ಇತ್ತಾ? ಅವಳ ಚರ್ಮ ಕೆರೆದಾಗ ಯಾವ ಫಾರಂ ತುಂಬಿದ್ರು? ಹಾಕಿ ಸೀಲು. ಹಾಕೋವರೆಗೂ ನಾವಿಬ್ಬರೂ ಇಲ್ಲೇ. ಇವಳಿಗೆ ಕಣ್ಣಿಲ್ಲ, ಬಾಯಿದೆ. ಈಗ ಆಚೆ ಸಾಲಿಗೆಲ್ಲ ಕೇಳೋ ಹಾಗೆ ಶುರು ಮಾಡ್ತಾಳೆ.”

ಅತ್ತೆ ಗಂಟಲು ಸರಿಮಾಡಿಕೊಂಡಳು. ಬಾಗಿಲು ತೆರೆದೇ ಇತ್ತು. ಗೋಡೆಗೆ ಒರಗಿದವರು ಇಣುಕಿ ನೋಡುತ್ತಿದ್ದರು. ಗುಮಾಸ್ತ ಸಾಹೇಬನ ಕಿವಿಯಲ್ಲಿ ಏನೋ ಹೇಳಿದ. ಸಾಹೇಬನ ಮುಖ ಗಂಟಾಯಿತು.

“ಸಾಕ್ಷಿ ಇಲ್ಲದೆ ಹೇಳಿಕೆ ತಗೊಳ್ಳಲ್ಲ,” ಎಂದ. ತಪ್ಪಿಸಿಕೊಂಡೆ ಎಂಬ ಹಾಗೆ ಕುರ್ಚಿಗೆ ಒರಗಿದ. “ನಿನ್ನನ್ನ ಬಲ್ಲವರು, ನೀನು ಹೇಳಿದ್ದನ್ನ ಕೇಳಿದವರು ಯಾರಾದರೂ ಬೆರಳು ಒತ್ತಬೇಕು. ಯಾರಿದ್ದಾರೆ?”

ನಾನು ಮೊದಲು ನನ್ನ ಹೆಬ್ಬೆರಳು ಒತ್ತಿದೆ. ಯಾರೂ ಮಣಿಕಟ್ಟು ಹಿಡಿಯಲಿಲ್ಲ. ಈ ಸಲ ಅದು ನನ್ನ ಹೆಸರಿನ ಕೆಳಗೆ, ನಾನು ಆಡಿದ ಮಾತಿನ ಕೆಳಗೆ ಬಿತ್ತು.

ಹಿಂದಿನಿಂದ ಅತ್ತೆ ನನ್ನ ಭುಜ ತಡವಿಕೊಂಡು ಮೇಜಿನವರೆಗೆ ಬಂದಳು. ಬಲಗೈ ಚಾಚಿದಳು. ಕೈ ಗಾಳಿಯಲ್ಲಿ ನಿಂತಿತು.

“ಎಲ್ಲಿ ಒತ್ತಬೇಕು? ನನಗೆ ಕಾಣಲ್ಲ. ಹಿಡಿದು ತೋರಿಸು.”

“ಅತ್ತೆ, ಒತ್ತಿದ್ರೆ ಆಪರೇಷನ್ ಇಲ್ಲ.”

“ನಿನ್ನ ಸೊಟ್ಟ ಮುಖ ನೋಡಿ ನನಗೇನಾಗ್ಬೇಕು? ಹಿಡಿ ಅಂದೆ.”

ಅವಳ ಮಣಿಕಟ್ಟು ಹಿಡಿದೆ. ಹೆಬ್ಬೆರಳನ್ನು ಶಾಯಿಗೆ ಮುಟ್ಟಿಸಿ, ನನ್ನ ಗುರುತಿನ ಪಕ್ಕದಲ್ಲಿ ಇಟ್ಟೆ. ಒತ್ತಿದ್ದು ಅವಳೇ. ಮೇಜು ಅಲುಗುವ ಹಾಗೆ ಒತ್ತಿದಳು. ಗುಮಾಸ್ತ ಸೀಲು ಹಾಕಿದ. ಬೆರಳು ಒರೆಸಿಕೊಳ್ಳಲು ಬಟ್ಟೆ ಮುಂದೆ ಮಾಡಿದ. ಅತ್ತೆ ಅದನ್ನು ಪಕ್ಕಕ್ಕೆ ತಳ್ಳಿದಳು.

“ಕೋರ್ಟಿಗೆ ಪೋಸ್ಟಲ್ಲಿ ಹಾಕೋ ಪ್ರತಿ ಎಲ್ಲೇ? ಶಾಯಿ ಆರೋದ್ರೊಳಗೆ ಕೊಡು.”